ಪೆಟ್ಟಿಗೆಯವನ ಹೊಟ್ಟೆಕಿಚ್ಚು

ನಮ್ಮ ಆರ್ಕೆಸ್ಟ್ರಾದ್ದು ಅಂತ ಲೋಕದಲ್ಲಿ ಉಳಿದಿರುವುದು ಒಂದೇ ಒಂದು ಫೋಟೋ. ಅದರಲ್ಲಿ ನಾನಿಲ್ಲ. ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ, ನನ್ನ ಬಲಗೈ ಇದೆ. ಮಧ್ಯದಲ್ಲಿ ಮೈಕು ಹಿಡಿದು, ಕಣ್ಣು ಅರ್ಧ ಮುಚ್ಚಿಕೊಂಡು ಗುರುಮೂರ್ತಿ ಹಾಡುತ್ತಿದ್ದಾನೆ. ಪಕ್ಕದಲ್ಲಿ ಫಿಲಿಪ್ ಬೋಂಗೋದ ಮೇಲೆ ಬಾಗಿ ಹಲ್ಲು ಬಿಟ್ಟಿದ್ದಾನೆ. ಗುರುಮೂರ್ತಿಯ ಮೊಣಕೈ ಹಿಂದಿನಿಂದ ಒಂದು ಹಾರ್ಮೋನಿಯಂ ಅರ್ಧ ಇಣುಕಿದೆ, ಅದರ ಮೇಲೆ ಐದು ಬೆರಳುಗಳಿವೆ. ಆ ಬೆರಳುಗಳ ಹಿಂದೆ ಹೊಸ ಟೆರಿಕಾಟ್ ಅಂಗಿ ಹಾಕಿಕೊಂಡು, ಅವತ್ತು ಬೆಳಿಗ್ಗೆಯಷ್ಟೇ ಅಪ್ಪನ ಕತ್ತರಿಯಿಂದ ಜೀವಮಾನದ ಮೊದಲ ಮೀಸೆಯನ್ನು ಓರಣ ಮಾಡಿಕೊಂಡು ಬಂದಿದ್ದ ಹದಿನಾರು ವರ್ಷದ ಒಬ್ಬ ಹುಡುಗನಿದ್ದ ಎಂಬುದಕ್ಕೆ ನನ್ನ ಮಾತೊಂದೇ ಸಾಕ್ಷಿ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗುರುಮೂರ್ತಿ ಆ ಫೋಟೋವನ್ನು ಎಲ್ಲಿಂದಲೋ ಹುಡುಕಿ, ನಮ್ಮ ಹೈಸ್ಕೂಲು ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದ. ಆ ಗುಂಪಿನಲ್ಲಿ ದಿನವೂ ಬರುವುದು ಶುಭೋದಯದ ಗುಲಾಬಿ, ಮಂಡಿನೋವಿಗೆ ಮನೆಮದ್ದು, ಆಗೊಮ್ಮೆ ಈಗೊಮ್ಮೆ ಯಾರಾದರೂ ತೀರಿಕೊಂಡ ಸುದ್ದಿ. ಅವತ್ತು ಮಾತ್ರ ಹಬ್ಬ. "ಸೂಪರ್ ಗುರು", "ಆಗ್ಲೂ ಹೀರೋ ಈಗ್ಲೂ ಹೀರೋ", ಚಪ್ಪಾಳೆ, ಹೃದಯ, ಮತ್ತೆ ಹೃದಯ. ನಾನು ಊಟ ತಣ್ಣಗಾಗುತ್ತಿದ್ದರೂ ಬಿಡದೆ ಒಂದೊಂದನ್ನೂ ಓದಿದೆ. ಕೊನೆಗೆ ಯಾರೋ ಪುಣ್ಯಾತ್ಮರು ಕೇಳಿದರು: "ಹಾರ್ಮೋನಿಯಂ ಮೇಲಿರೋ ಆ ಕೈ ಯಾರದ್ದು?" ನನಗೆ ಜೀವ ಬಂತು. ನಾನೇ ಹೇಳುವುದು ಬೇಡ, ಯಾರಾದರೂ ಹೇಳಲಿ ಎಂದು ಕಾದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬರ ಉತ್ತರ ಬಂತು: "ಗುರುದೇ ಇರಬೇಕು."

"ಎಂತ್ರೀ, ಅನ್ನ ಹಂಗೇ ಬಿಟ್ರಲ್ಲ?" ಎಂದಳು ನನ್ನ ಹೆಂಡತಿ ಸುಮಿತ್ರಾ.

"ಹಸಿವಿಲ್ಲ" ಎಂದೆ. ನಿಜವಾಗಿಯೂ ಇರಲಿಲ್ಲ. ಹೊಟ್ಟೆಯಲ್ಲಿ ಬೇರೆ ಏನೋ ಉರಿಯುತ್ತಿತ್ತು.

ನೀವು ನಗಬೇಡಿ. ನಿಮಗೂ ಅಂಥ ಒಬ್ಬ ಗೆಳೆಯ ಇದ್ದೇ ಇರುತ್ತಾನೆ. ಅವನು ನಿಮಗೆ ಒಂದು ದಿನವೂ ಕೆಟ್ಟದ್ದು ಮಾಡಿರುವುದಿಲ್ಲ, ಅದೇ ತೊಂದರೆ. ಕೆಟ್ಟದ್ದು ಮಾಡಿದ್ದರೆ ಜಗಳವಾಡಿ ಬಿಡಬಹುದಿತ್ತು. ಗುರುಮೂರ್ತಿ ನನ್ನ ಮದುವೆಗೆ ಮೂರು ದಿನ ಮೊದಲೇ ಬಂದು ಚಪ್ಪರಕ್ಕೆ ಗಳ ಹೊತ್ತವನು. ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಬೆಂಚಿನಲ್ಲಿ ಮಲಗಿದವನು. ಅಂಥವನ ಮೇಲೆ ನಲವತ್ತೈದು ವರ್ಷ ಹೊಟ್ಟೆಕಿಚ್ಚುಪಡುವುದು ಸುಲಭದ ಕೆಲಸ ಅಂದುಕೊಂಡಿರಾ? ಅದಕ್ಕೂ ಶ್ರದ್ಧೆ ಬೇಕು.

ಮೊದಲು ಅವನ ದನಿ. ಒಂಬತ್ತನೇ ಕ್ಲಾಸಿನಲ್ಲಿ ನಮ್ಮೆಲ್ಲರ ಗಂಟಲು ಒಡೆಯಿತು. ಅವನದ್ದು ಎರಡೇ ತಿಂಗಳಲ್ಲಿ ಕೂಡಿಕೊಂಡು ಜೇನಾಯಿತು, ನನ್ನದು ಒಡೆದದ್ದು ಇವತ್ತಿಗೂ ಕೂಡಿಲ್ಲ. ಆಮೇಲೆ ಅವನ ಕೂದಲು. ಅರವತ್ತೊಂದು ವರ್ಷಕ್ಕೂ ಹಣೆಯಿಂದ ಒಂದಿಂಚು ಹಿಂದೆ ಸರಿದಿಲ್ಲ. ನಾನು ಸರ್ವೆಯವನು, ಅಳತೆಯಲ್ಲಿ ತಪ್ಪುವುದಿಲ್ಲ. ಆಮೇಲೆ ಅವನ ಉದ್ಯೋಗ. ತೀರ್ಥಹಳ್ಳಿಯ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿ ನಿವೃತ್ತನಾದ. ಅವನ ಜೊತೆ ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಇಬ್ಬರಾದರೂ ಬಂದು ಕಾಲು ಮುಟ್ಟುತ್ತಾರೆ. ನಾನೂ ಮೂವತ್ತೈದು ವರ್ಷ ಸಾಗರ ತಾಲ್ಲೂಕಿನ ಊರೂರು ತಿರುಗಿ ಜಮೀನು ಅಳೆದವನು, ನನ್ನನ್ನೂ ಜನ ಗುರುತಿಸುತ್ತಾರೆ. ಗುರುತಿಸಿ ಮುಖ ತಿರುಗಿಸುತ್ತಾರೆ. ಬೇಲಿ ಒಂದು ಮೊಳ ಒಳಗೆ ಹೋದವನಿಗೆ ಸರ್ವೆಯವನ ಮುಖ ಇಪ್ಪತ್ತು ವರ್ಷವಾದರೂ ಮರೆಯುವುದಿಲ್ಲ.

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ನಾನು ಹೆಣ್ಣು ನೋಡಲು ಆನಂದಪುರಕ್ಕೆ ಹೋದ ದಿನದ ಕಥೆ ಕೇಳಿ. ಸುಮಿತ್ರಾ ನಮ್ಮದೇ ಹೈಸ್ಕೂಲಿನಲ್ಲಿ ನನಗಿಂತ ಎರಡು ಕ್ಲಾಸು ಹಿಂದೆ ಓದಿದವಳು, ಅದು ನನಗೆ ಅಲ್ಲಿ ಹೋದ ಮೇಲೆ ಗೊತ್ತಾಯಿತು. ಉಪ್ಪಿಟ್ಟಾಯಿತು, ಕಾಫಿಯಾಯಿತು. ಹಿರಿಯರು "ಏನಾದ್ರೂ ಕೇಳೋದಿದ್ರೆ ಕೇಳಮ್ಮ" ಎಂದರು. ಅವಳು ತಲೆ ತಗ್ಗಿಸಿಕೊಂಡೇ ಕೇಳಿದಳು:

"ನೀವು ಗುರುಮೂರ್ತಿ ಅವ್ರ ಜೊತೆ ಇರ್ತಿದ್ರಲ್ಲ, ಅವ್ರೇ ಅಲ್ವಾ?"

ಹೂವಿನಿಂದ ನಾರೂ ಸ್ವರ್ಗಕ್ಕೆ ಹೋಯಿತು ಎನ್ನುತ್ತಾರಲ್ಲ, ನನ್ನ ಮದುವೆ ಹಾಗೆ ಆಯಿತು. ಅವಳ ಟ್ರಂಕಿನಲ್ಲಿ ಒಂದು ಹಾಡಿನ ಪುಸ್ತಕ ಬಂತು. ಅದರಲ್ಲಿ ದುಂಡು ಅಕ್ಷರದಲ್ಲಿ ನಮ್ಮ ಹಾಡು ಬರೆದಿತ್ತು, ಕೆಳಗೆ ಕಂಸದಲ್ಲಿ 'ಗುರುಮೂರ್ತಿ'. ಆ ಕಾಲದ ಹುಡುಗಿಯರ ಪುಸ್ತಕಗಳಲ್ಲೆಲ್ಲ ಹಾಗೆಯೇ ಇತ್ತಂತೆ. ಈಗ ನಿಮಗೆ ಆ ಹಾಡಿನ ವಿಷಯ ಹೇಳಬೇಕು, ಏಕೆಂದರೆ ನನ್ನ ಹೊಟ್ಟೆಯ ಬೆಂಕಿಗೆ ಹಾಕಿದ ಸೌದೆಯೆಲ್ಲ ಆ ಹಾಡಿನದು.

ನಮ್ಮಪ್ಪ ಸಾಗರದ ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ನಮ್ಮ ಬೀದಿಯ ಭಜನಾ ಮಂದಿರದಲ್ಲಿ ಒಂದು ಹಾರ್ಮೋನಿಯಂ ಇತ್ತು, ನಮ್ಮ ಕಡೆಯವರ ಬಾಯಲ್ಲಿ ಅದು 'ಪೆಟ್ಟಿಗೆ'. ಒಂದು ಮಳೆಗಾಲದಲ್ಲಿ ಇಲಿ ಅದರ ಗಾಳಿ ಒತ್ತುವ ತಿದಿಯನ್ನು ಕಡಿದು ಹಾಕಿತು. ಒತ್ತಿದರೆ ದನಿಗಿಂತ ಹೆಚ್ಚು ಗಾಳಿ ಬರುತ್ತಿತ್ತು. ಅಪ್ಪ ಕೋಟಿನ ಲೈನಿಂಗ್ ಬಟ್ಟೆಗೆ ಮೇಣ ಸವರಿ, ಎರಡು ಪದರ ಹೊಲಿದು ತೇಪೆ ಹಾಕಿಕೊಟ್ಟರು. ಅದರ ಋಣಕ್ಕೆ ಮಂದಿರದವರು ಮಧ್ಯಾಹ್ನದ ಹೊತ್ತು ಪೆಟ್ಟಿಗೆ ಮುಟ್ಟಲು ನನಗೆ ಅಪ್ಪಣೆ ಕೊಟ್ಟರು. ಹೀಗೆ ನಾನು 'ಪೆಟ್ಟಿಗೆ ನಾಗ' ಆದೆ. ಚರ್ಚಿನ ಬ್ಯಾಂಡಿನಲ್ಲಿ ಡ್ರಮ್ಮು ಬಡಿಯುತ್ತಿದ್ದ ಫಿಲಿಪ್ ಬಂದು ಸೇರಿದ. ಗುರುಮೂರ್ತಿ ಹಾಡಿದ. ಮೂರು ಜನಕ್ಕೆ 'ಸಂಜೆಮಲ್ಲಿಗೆ ಆರ್ಕೆಸ್ಟ್ರಾ' ಎಂದು ಹೆಸರಿಟ್ಟೆವು. ಹೆಸರು ಗುರುಮೂರ್ತಿಯದು. ನಾನು ಸೂಚಿಸಿದ್ದು 'ನಾಗರಾಜ ವಾದ್ಯವೃಂದ'. ಯಾಕೋ ಅದು ಯಾರಿಗೂ ಹಿಡಿಸಲಿಲ್ಲ.

ಹತ್ತನೇ ಕ್ಲಾಸಿನಲ್ಲಿ ಲಿಂಗನಮಕ್ಕಿ ಅಣೆಕಟ್ಟು ನೋಡಲು ಪ್ರವಾಸ ಹೋದಾಗ ವಾಪಸು ಬರುವ ದಾರಿಯಲ್ಲಿ ಬಸ್ಸು ಕೆಟ್ಟಿತು. ಡ್ರೈವರ್ ಬಸ್ಸಿನಡಿಗೆ ಮಲಗಿ ರಿಪೇರಿ ಮಾಡುತ್ತಿದ್ದರೆ ನಾವು ಹಿನ್ನೀರಿನ ದಡದಲ್ಲಿ ಕೂತಿದ್ದೆವು. ಮುಸ್ಸಂಜೆಯಾಯಿತು. ನೀರಿನ ಆಚೆ ದಡದಲ್ಲಿ, ಕಾಡಿನ ನಡುವೆ, ಒಂದು ದೀಪ ಹತ್ತಿತು. "ಅಲ್ಲಿ ದೀಪ ಹಚ್ಚಿದೋರು ಯಾರಿರಬಹುದನಾ?" ಎಂದು ಗುರುಮೂರ್ತಿ ಕೇಳಿದ. ಇಷ್ಟೇ ಅವನು ಮಾಡಿದ್ದು. ಒಂದು ಪ್ರಶ್ನೆ ಕೇಳಿದ್ದು. ನನಗೆ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಒಂದು ವಾರ ಅಪ್ಪನ ಹೊಲಿಗೆ ಮಿಷನ್ನಿನ ಸದ್ದಿಗೆ ಗುನುಗಿ, ಮಂದಿರದ ಪೆಟ್ಟಿಗೆಯ ಮೇಲೆ ತಡಕಾಡಿ, 'ಹಿನ್ನೀರಿನಾಚೆಗೆ ದೀಪ ಹಚ್ಚಿದವರ್ಯಾರು' ಎಂದು ಹಾಡು ಕಟ್ಟಿದೆ. ಪಲ್ಲವಿ ದಡದಲ್ಲಿ ಸುಮ್ಮನೆ ಕೂತಿರುತ್ತದೆ. ಚರಣಕ್ಕೆ ಬಂದಾಗ ರಾಗ ಮೆಟ್ಟಿಲು ಮೆಟ್ಟಿಲಾಗಿ ಏರಿ 'ಯಾರು' ಎನ್ನುವಲ್ಲಿ ನೀರು ದಾಟುವಷ್ಟು ಮೇಲಕ್ಕೆ ಹೋಗಿ ನಿಲ್ಲುತ್ತದೆ. ಅದನ್ನು ನಾನು ಹಾಡಲಾರೆ. ನನ್ನ ತಲೆಯೊಳಗೆ ಕೇಳಿಸುತ್ತಿದ್ದದ್ದನ್ನು ಹೊರಗೆ ತೆಗೆಯುವ ಗಂಟಲು ಗುರುಮೂರ್ತಿಯ ಹತ್ತಿರ ಇತ್ತು. ಅವನು ತೆಗೆದ, ಇಡೀ ಶಾಲೆ ಎದ್ದು ನಿಂತಿತು, ಅವತ್ತಿನಿಂದ ಅದು 'ಗುರುಮೂರ್ತಿಯ ಹಾಡು'. ಕೆರೆ ತೋಡಿದವನು ಒಬ್ಬ, ಮೀನು ಹಿಡಿದವನು ಇನ್ನೊಬ್ಬ.

ಇರಲಿ. ಫೋಟೋ ಹಾಕಿದ ಸಂಜೆಯೇ ಗುರುಮೂರ್ತಿ ಫೋನು ಮಾಡಿದ.

"ಏ ನಾಗ, ಜನವರೀಲಿ ಹಳೇ ವಿದ್ಯಾರ್ಥಿಗಳೆಲ್ಲ ಶಾಲೇಲಿ ಸೇರ್ತಾರಂತೆ. ನಾವು ಒಂದ್ಸಲ ಕೂರಾಣನಾ ಮಾರಾಯ? ಮೂರೂ ಜನ ರಿಟೈರಾಗಿದೀವಿ, ಇನ್ನೆಂತ ಕೆಲ್ಸ ಇದೆ ನಮಗೆ?"

ಬೇಡ ಎನ್ನಬೇಕೆಂದು ಬಾಯಿ ತೆರೆದೆ. "ಯಾವಾಗ?" ಎಂದು ಹೊರಗೆ ಬಂತು.

ಹೊಸನಗರದಲ್ಲಿ ಫಿಲಿಪ್‌ನ ಮನೆ. ಸಾಗರದ ನನಗೂ ತೀರ್ಥಹಳ್ಳಿಯ ಗುರುಮೂರ್ತಿಗೂ ಅದು ನಡುದಾರಿ, ಹಾಗಾಗಿ ಭಾನುವಾರ ಭಾನುವಾರ ಅಲ್ಲಿ ಅಭ್ಯಾಸ ಎಂದಾಯಿತು. ಫಿಲಿಪ್ ಈ ಮೂರೂ ಊರಿನ ನಡುವೆ ಪ್ರೈವೇಟ್ ಬಸ್ಸು ಓಡಿಸಿ ನಿವೃತ್ತನಾದವನು. ಹಾರ್ನ್ ಹೊಡೆಯುವುದರಲ್ಲೂ ಅವನದ್ದೊಂದು ತಾಳವಿತ್ತು. ತಿರುವಿನ ಆಚೆಯಿಂದಲೇ ಇವನ ಬಸ್ಸು ಎಂದು ಗೊತ್ತಾಗಿ ಜನ ಚೀಲ ಎತ್ತಿಕೊಳ್ಳುತ್ತಿದ್ದರು. ಮಾತು ಕಡಿಮೆ, ಕಂಡದ್ದು ಹೆಚ್ಚು. ಮೂವತ್ತು ವರ್ಷ ಕನ್ನಡಿಯಲ್ಲಿ ಹಿಂದಿನ ಸೀಟಿನವರನ್ನು ನೋಡಿದವನಿಗೆ ಮನುಷ್ಯರ ಮುಖ ಓದುವುದು ಬಂದಿರುತ್ತದೆ.

ಮೊದಲ ಭಾನುವಾರ ನಾವು ಹಾಡಿದ್ದಕ್ಕಿಂತ ಹೊಂದಾಣಿಕೆ ಮಾಡಿಕೊಂಡದ್ದೇ ಹೆಚ್ಚು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆವು. ಎರಡು ನಿಮಿಷದಲ್ಲಿ ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದೆವು. ನಾನು ಹೊತ್ತು ತಂದಿದ್ದ ಪೆಟ್ಟಿಗೆ ಊಟದ ಮೇಜಿನ ಮೇಲೆ ಹೋಯಿತು. ನನಗೆ ಹತ್ತಿರದ ಕನ್ನಡಕ ಹಾಕಿದರೆ ಕೀಗಳು ಕಾಣುತ್ತವೆ, ಗುರುಮೂರ್ತಿ ಮಸುಕು. ದೂರದ್ದು ಹಾಕಿದರೆ ಅವನು ಸ್ಪಷ್ಟ, ಕೀ ಮಸುಕು. ಹತ್ತಿರದ್ದನ್ನೇ ಆರಿಸಿಕೊಂಡೆ. ಫಿಲಿಪ್‌ನ ಹೆಂಡತಿ ಲೂಸಿ ಬಾಗಿಲಲ್ಲಿ ನಿಂತು ನೋಡಿ, "ಮೂರೂ ಜನಕ್ಕೂ ಶಾಖಕ್ಕೆ ಬಿಸಿನೀರು ಇಡ್ಲಾ?" ಎಂದು ಕೇಳಿದರು. ಕಾಫಿ ಕೇಳುತ್ತಾರೆ ಅಂದುಕೊಂಡಿದ್ದೆ.

ಆಮೇಲೆ ನಮ್ಮ ಹಾಡು ಎತ್ತಿಕೊಂಡೆವು. ಇಲ್ಲಿ ಸ್ವಲ್ಪ ಶ್ರುತಿಯ ವಿಷಯ ಹೇಳಿಬಿಡುತ್ತೇನೆ, ಗಾಬರಿಯಾಗಬೇಡಿ. ಹಾರ್ಮೋನಿಯಂನ ಬಿಳಿ ಕೀ, ಕಪ್ಪು ಕೀಗಳನ್ನು ಎಡದಿಂದ ಎಣಿಸಿ, ಯಾವ ಕೀಯನ್ನು ಆಧಾರವಾಗಿಟ್ಟು ಹಾಡುತ್ತಾರೋ ಅದೇ ಅವರ ಶ್ರುತಿ. ಹೈಸ್ಕೂಲಿನಲ್ಲಿದ್ದಾಗ ಗುರುಮೂರ್ತಿಯದು ಕಪ್ಪು ಎರಡು. ಅದರಲ್ಲಿ ಹಿಡಿದರೆ ಚರಣದ 'ಯಾರು' ಬಹಳ ಎತ್ತರಕ್ಕೆ ಹೋಗುತ್ತದೆ. ನನ್ನ ಬೆರಳಿಗೂ ಅದೇ ರೂಢಿ. ನಾನು ಕಪ್ಪು ಎರಡರಲ್ಲಿ ಶ್ರುತಿ ಕೊಟ್ಟೆ. ಗುರುಮೂರ್ತಿ ಪಲ್ಲವಿ ಹಾಡಿದ, ಹಾ, ಚೆನ್ನಾಗಿಯೇ ಇತ್ತು. ಚರಣ ಏರಿದ. 'ಯಾರು' ಎಂದ. ದನಿ ಒಡೆದು ಎರಡು ಸೀಳಾಯಿತು. ಕೆಮ್ಮಿದ. ಮತ್ತೆ ಏರಿದ, ಮತ್ತೆ ಒಡೆಯಿತು. ನೀರು ಕುಡಿದ.

ಆಮೇಲೆ ನನ್ನ ಮುಖ ನೋಡದೆ, ಮೇಜಿನ ಬಟ್ಟೆಯ ಹೂವನ್ನು ನೋಡುತ್ತ ಹೇಳಿದ: "ಸ್ವಲ್ಪ ಇಳಿಸ್ತೀಯನಾ ನಾಗ?"

ಆ ಕ್ಷಣ ನನಗಾದ ಸಂತೋಷವನ್ನು ಹೇಗೆ ಹೇಳಲಿ? ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಬಿಳಿ ಎರಡಕ್ಕೆ ಇಳಿಸಿದೆ. ಸಾಲದು ಎಂದ. ಕಪ್ಪು ಒಂದು. ಅದೂ ಕಷ್ಟ. ಬಿಳಿ ಒಂದಕ್ಕೆ ಬಂದು ನಿಂತೆವು, ಒಟ್ಟು ಮೂರು ಕೀ ಕೆಳಗೆ. ಅಲ್ಲಿ ಅವನ ದನಿ ಒಡೆಯಲಿಲ್ಲ. ಆದರೆ ಹಾಡು ನೀರು ದಾಟಲಿಲ್ಲ, ದಡದಲ್ಲೇ ಕೂತು ಯಾರು ಯಾರು ಎಂದು ವಿಚಾರಿಸುತ್ತಿತ್ತು. "ಅಡ್ಡಿಲ್ಲ, ಈ ವಯಸ್ಸಿಗೆ ಇಷ್ಟು ಸಾಕು" ಎಂದ ಗುರುಮೂರ್ತಿ. "ಸಾಕು ಸಾಕು" ಎಂದು ನಾನು ದೊಡ್ಡ ಮನಸ್ಸಿನವನ ಹಾಗೆ ಹೇಳಿದೆ. ಸಾಗರದ ಬಸ್ಸಿನಲ್ಲಿ ಕೂತು ಬರುವಾಗ ದಾರಿಯುದ್ದಕ್ಕೂ ನನ್ನಷ್ಟಕ್ಕೆ ನಗುತ್ತಿದ್ದೆನೇನೋ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಮನೆಗೆ ಬಂದು ಸುಮಿತ್ರಾಳಿಗೆ ಹೇಳಿದೆ: "ಗುರುಮೂರ್ತಿ ದನಿ ಹೋಯ್ತು."

"ಅಯ್ಯೋ ಪಾಪ" ಎಂದಳು. ಅದನ್ನು ಹೇಳಿದ ರೀತಿ ನನಗೆ ಸೇರಲಿಲ್ಲ. ನನಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ ದಿನ ಅವಳು "ಸರಿ, ನಾಳೆಯಿಂದ ಚಪಾತಿ" ಎಂದಿದ್ದಳು, ಅಷ್ಟೇ. ಹಿತ್ತಲ ಗಿಡ ಮದ್ದಲ್ಲ.

ಜನವರಿ ಬಂತು. ಕಾರ್ಯಕ್ರಮದ ದಿನ ಬೆಳಿಗ್ಗೆ ಶಾಲೆಗೆ ಹೋದೆ. ಗೇಟಿನ ಪಕ್ಕ ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದರು. 'ಗುರುಮೂರ್ತಿ ಮತ್ತು ತಂಡ'. ಅದರ ಮೇಲೆ ಅದೇ ಫೋಟೋ. ದೊಡ್ಡದು ಮಾಡಿದ್ದರಿಂದ ನನ್ನ ಕೈಯಾದರೂ ಚೆನ್ನಾಗಿ ಕಂಡೀತು ಎಂದು ಹತ್ತಿರ ಹೋದೆ. ಫ್ಲೆಕ್ಸ್ ಮಾಡಿದವನು ಅಳತೆಗೆ ಕೂರಿಸಲು ಒಂದು ಅಂಚು ಕತ್ತರಿಸಿದ್ದ. ಗುರುಮೂರ್ತಿಯ ಮೊಣಕೈಗೆ ಚಿತ್ರ ಮುಗಿದಿತ್ತು. ಮೂವತ್ತೈದು ವರ್ಷ ಊರವರ ಒತ್ತುವರಿ ಹುಡುಕಿಕೊಟ್ಟವನ ಇದ್ದೊಂದು ಗೇಣು ಜಾಗವೂ ಒತ್ತುವರಿಯಾಗಿ ಹೋಗಿತ್ತು. ಅರ್ಜಿ ಯಾರಿಗೆ ಕೊಡಲಿ?

ನಮ್ಮ ಸರದಿ ಮಧ್ಯಾಹ್ನ ಊಟಕ್ಕೆ ಮುಂಚೆ. ಸಭಾಂಗಣ ತುಂಬಿತ್ತು. ಮೂರನೇ ಸಾಲಿನಲ್ಲಿ ಸುಮಿತ್ರಾ ಜರಿಯಂಚಿನ ಸೀರೆಯುಟ್ಟು ಕೂತಿದ್ದಳು, ನಮ್ಮ ಮಗಳ ಮದುವೆಗೆ ತೆಗೆದ ಸೀರೆ ಅದು. ಮೊದಲು ಒಂದು ಗಣಪತಿ ಸ್ತುತಿ, ಆಮೇಲೆ ಒಂದು ಭಾವಗೀತೆ, ಎರಡನ್ನೂ ಬಿಳಿ ಒಂದರಲ್ಲಿ ಮುಗಿಸಿದೆವು. ಚಪ್ಪಾಳೆ ಬಂತು, ಹಿರಿಯರಿಗೆ ತಟ್ಟುವ ಮರ್ಯಾದೆಯ ಚಪ್ಪಾಳೆ. ಆಗ ನಿರೂಪಣೆ ಮಾಡುತ್ತಿದ್ದವನು, ನಮ್ಮದೇ ಬ್ಯಾಚಿನ ಒಬ್ಬ ವಕೀಲ, ಮೈಕಿಗೆ ಬಂದು ಗಂಟಲು ಸರಿಮಾಡಿಕೊಂಡ.

"ಈಗ ನೀವೆಲ್ಲ ಕಾಯ್ತಿರೋ ಹಾಡು. ಬರೆದವರು ಗುರುಮೂರ್ತಿ, ರಾಗ ಗುರುಮೂರ್ತಿ, ಹಾಡೋದೂ ಗುರುಮೂರ್ತಿ!"

ನಾನು ಗುರುಮೂರ್ತಿಯನ್ನು ನೋಡಿದೆ. ಅವನು ವೇದಿಕೆಯ ಅಂಚಿನಲ್ಲಿ ಬಗ್ಗಿ, ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ತೊಂಬತ್ತು ದಾಟಿದ ಮೇಷ್ಟ್ರ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ ದೇವರೇ ಬಲ್ಲ. ತಿದ್ದಲಿಲ್ಲ, ಅದು ನಿಜ. ಬಂದು ಮೈಕಿನ ಮುಂದೆ ನಿಂತು ನನ್ನ ಕಡೆ ತಿರುಗಿ ತಲೆಯಾಡಿಸಿದ, ಶುರು ಮಾಡು ಎಂದು.

ನನ್ನ ಬೆರಳು ಬಿಳಿ ಒಂದರ ಮೇಲಿತ್ತು. ಅದನ್ನು ಎತ್ತಿ ಕಪ್ಪು ಎರಡರ ಮೇಲಿಟ್ಟೆ.

ಕೈ ತಪ್ಪಿ ಹೋಯಿತು ಎಂದು ನಿಮಗೆ ಹೇಳಬಹುದಿತ್ತು. ನಲವತ್ತೈದು ವರ್ಷದ ರೂಢಿ, ವಯಸ್ಸು, ಕನ್ನಡಕ. ಕೇಳಿದರೆ ಹೇಳಲೆಂದು ಈ ಸುಳ್ಳನ್ನು ಆಗಲೇ ಸಿದ್ಧ ಮಾಡಿಟ್ಟುಕೊಂಡಿದ್ದೆ. ಆದರೆ ಕೈ ತಪ್ಪಿರಲಿಲ್ಲ. ಎಲ್ಲರೆದುರು, ಸುಮಿತ್ರಾಳ ಎದುರು, ಅವನ ದನಿ ಒಡೆಯಲಿ ಎಂದೇ ಇಟ್ಟೆ.

ಹಾಡಿನ ಮೊದಲಿನ ಸ್ವರಗಳನ್ನು ನುಡಿಸಿದೆ. ಫಿಲಿಪ್‌ನ ಕೈ ಬೋಂಗೋದ ಮೇಲೆ ಅರೆಗಳಿಗೆ ತಡವರಿಸಿತು. ಅವನು ನನ್ನನ್ನು ನೋಡಿದ್ದು ನನಗೆ ಗೊತ್ತಾಯಿತು, ನಾನು ಅವನನ್ನು ನೋಡಲಿಲ್ಲ. ಗುರುಮೂರ್ತಿ ಬಾಯಿ ತೆರೆದ. ಮೊದಲ ಅಕ್ಷರಕ್ಕೇ ಗಂಟಲಿಗೆ ಗೊತ್ತಾಗಿರಬೇಕು. ತಿರುಗಿ ನನ್ನನ್ನೊಮ್ಮೆ ನೋಡಿದ. ಹತ್ತಿರದ ಕನ್ನಡಕದಲ್ಲಿ ಅವನ ಮುಖ ನನಗೆ ಮಸುಕು, ಆ ನೋಟದಲ್ಲಿ ಏನಿತ್ತೋ ಕಾಣಲಿಲ್ಲ. ಪಲ್ಲವಿ ಮುಗಿಯಿತು. ಆಗ ನನಗೆ ಹೆದರಿಕೆ ಶುರುವಾಯಿತು. ಏನು ಮಾಡಿಬಿಟ್ಟೆ ನಾನು? ಹಾಡು ನಡೆಯುವಾಗ ಶ್ರುತಿ ಇಳಿಸಲು ಬರುವುದಿಲ್ಲ, ಏರಿದ ಬಸ್ಸಿನಿಂದ ನಡುವೆ ಜಿಗಿದಂತಾಗುತ್ತದೆ. ಚರಣ ಬಂತು. ಮೆಟ್ಟಿಲು ಮೆಟ್ಟಿಲಾಗಿ ಏರಿದ. 'ಯಾರು' ಎಂದ.

ಒಡೆಯಿತು. ಹೊಸನಗರದಲ್ಲಿ ಒಡೆದ ಹಾಗೆಯೇ, ಎರಡು ಸೀಳು. ಯಾರೋ ಕೆಮ್ಮಿದರು. ನನಗೆ ಬೇಕಾಗಿದ್ದದ್ದು ನನ್ನ ಕಣ್ಣೆದುರೇ ಆಯಿತು, ಮತ್ತು ಅದರಲ್ಲಿ ಎಳ್ಳಷ್ಟೂ ರುಚಿಯಿರಲಿಲ್ಲ. ಎದ್ದು ಓಡಿಹೋಗೋಣ ಎನ್ನಿಸಿತು.

ನಮ್ಮ ಹಾಡಿನಲ್ಲಿ ಚರಣದ ಆ ಸಾಲು ಎರಡು ಸಲ ಬರುತ್ತದೆ. ಗುರುಮೂರ್ತಿ ಎರಡನೆಯದನ್ನು ಬಿಟ್ಟು ಪಲ್ಲವಿಗೆ ಇಳಿಯಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಕಣ್ಣು ಮುಚ್ಚಿದ. ಕುತ್ತಿಗೆಯ ನರ ಉಬ್ಬಿದ್ದು ನನ್ನ ಮಸುಕು ಕಣ್ಣಿಗೂ ಕಂಡಿತು. ಮತ್ತೆ ಏರಿದ. ಈ ಸಲದ 'ಯಾರು' ಒಡೆಯಲಿಲ್ಲ. ಜೇನಿನ ದನಿಯಲ್ಲ ಅದು, ಒಣಗಿದ, ತೆಳ್ಳಗಿನ, ನಡುಗುವ ದನಿ. ಆದರೆ ಹೋಗಿ ಮುಟ್ಟಬೇಕಾದ ಜಾಗಕ್ಕೆ ಹೋಗಿ ಮುಟ್ಟಿತು, ಅಲ್ಲಿ ನಿಂತಿತು. ಹದಿನಾರನೇ ವಯಸ್ಸಿನಲ್ಲಿ ಅಪ್ಪನ ಮಿಷನ್ನಿನ ಪಕ್ಕ ಕೂತು ನನ್ನ ತಲೆಯೊಳಗೆ ನಾನು ಕೇಳಿಸಿಕೊಂಡದ್ದು ಅದೇ. ಆಗ ಅವನು ಜೇನಿನಲ್ಲಿ ಅದ್ದಿ ಹಾಡಿದಾಗಲೂ ಅಷ್ಟು ಸರಿಯಾಗಿ ಬಂದಿರಲಿಲ್ಲ. ಕೀಗಳು ನೀರಿನಲ್ಲಿ ಕಂಡ ಹಾಗೆ ಕಂಡವು. ತಿದಿ ಒತ್ತುವುದನ್ನು ಮರೆತೆನೋ ಏನೋ, ಪೆಟ್ಟಿಗೆ ಒಂದು ಗಳಿಗೆ ಸುಮ್ಮನಾಯಿತಂತೆ.

ಹಾಡು ಮುಗಿದಾಗ ಬಂದ ಚಪ್ಪಾಳೆಯನ್ನು ಅಳೆಯುವ ಚೈನು ನನ್ನ ಇಲಾಖೆಯಲ್ಲಿ ಇಲ್ಲ. ದೂರದ ಕನ್ನಡಕ ಹಾಕಿ ನೋಡಿದೆ, ಸುಮಿತ್ರಾ ಎದ್ದು ನಿಂತಿದ್ದಳು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಿ ಮತ್ತೆ ಉರಿಯಿತು. ನನ್ನ ಸ್ವಭಾವ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ಊಟಕ್ಕೆ ಎಲ್ಲರೂ ಹೊರಟ ಮೇಲೆ ಗುರುಮೂರ್ತಿ ವೇದಿಕೆಯ ಹಿಂದೆ ನನ್ನನ್ನು ಹಿಡಿದು ನಿಲ್ಲಿಸಿದ. ಬಯ್ಯುತ್ತಾನೆ ಎಂದುಕೊಂಡೆ. ಬಯ್ಯಲಿ ಎಂದೂ ಅಂದುಕೊಂಡೆ. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಬೇಕಂತ್ಲೇ ಇಟ್ಟಿದ್ದಲ್ಲನಾ?" ಎಂದ.

ಸಿದ್ಧವಾಗಿಟ್ಟುಕೊಂಡಿದ್ದ ಸುಳ್ಳು ಬಾಯಿಗೆ ಬರಲಿಲ್ಲ. "ಹೌದು" ಎಂದೆ.

ಅವನ ಕಣ್ಣು ತುಂಬಿತು. "ನಂಗೊತ್ತಾತು ನಾಗ. ಡಾಕ್ಟ್ರು ತೂಕ ಇಳಿಸು ಅಂತಾರೆ, ಬೀಪಿ ಇಳಿಸು ಅಂತಾರೆ. ಮನೇಲಿ ಟೀವಿ ದನಿ ಇಳಿಸು ಅಂತಾರೆ. ನಾನೇ ಶ್ರುತಿ ಇಳಿಸು ಅಂದೆ. ನೀನೊಬ್ಬ ಇಳಿಸ್ಲಿಲ್ಲ ನೋಡು. ಇವ್ನ ಕೈಲಿ ಇನ್ನೂ ಆಗುತ್ತೆ ಅಂತ ನಿಂಗೊಬ್ಬಂಗೇ ಅನ್ಸಿದ್ದು." ನನ್ನ ಹೆಗಲ ಮೇಲೆ ಹಣೆಯಿಟ್ಟು ಹಾಗೇ ನಿಂತ. "ಮೊದ್ಲನೇ ಸಲ ಒಡೀತಲ್ಲ, ಆಗ ಬಿಡ್ತಿದ್ದೆ ಮಾರಾಯ. ನೀನು ಅಷ್ಟು ನಂಬಿ ಇಟ್ಟಿದೀಯ ಅಂತ ಇನ್ನೊಂದ್ಸಲ ಹೋದೆ."

ಹೇಳಿಬಿಡಬೇಕಿತ್ತು. ಹೇಳಲು ಬಾಯಿ ತೆರೆದೆ ಕೂಡ. ಅವನ ಹೆಗಲಿನಾಚೆ ಫಿಲಿಪ್ ಬೋಂಗೋವನ್ನು ಟವಲಿನಲ್ಲಿ ಸುತ್ತುತ್ತ ನಿಂತಿದ್ದ. ನನ್ನ ಮುಖ ನೋಡಿ ನಿಧಾನವಾಗಿ ತಲೆ ಅಡ್ಡಡ್ಡ ಆಡಿಸಿದ. ನಾನು ಬಾಯಿ ಮುಚ್ಚಿದೆ. ಆಮೇಲೆ ಕೈತೊಳೆಯುವಲ್ಲಿ ನಾವಿಬ್ಬರೇ ಇದ್ದಾಗ ಫಿಲಿಪ್ ನಲ್ಲಿ ತಿರುಗಿಸುತ್ತ ಹೇಳಿದ:

"ನೀ ಎಂತಕ್ಕೆ ಇಟ್ಟೆ ಅಂತ ನಂಗೊತ್ತು. ಅವಂಗೆ ಹೇಳ್ಬೇಡ. ನಿನ್ ಮನಸ್ಸು ಹಗುರ ಮಾಡ್ಕಳಕ್ಕೆ ಅವ್ನ ಖುಷಿ ಯಾಕೆ ತೆಗೀತೀಯ? ನೀನೇ ಹೊತ್ಕ."

ಹೊತ್ತುಕೊಂಡಿದ್ದೇನೆ. ಗುರುಮೂರ್ತಿ ತೀರ್ಥಹಳ್ಳಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಈ ಕಥೆ ಹೇಳುತ್ತಿದ್ದಾನಂತೆ. ತನಗೇ ತನ್ನ ಮೇಲೆ ನಂಬಿಕೆ ಹೋಗಿದ್ದಾಗ ಒಬ್ಬ ಗೆಳೆಯ ತನ್ನನ್ನು ನಂಬಿ ಶ್ರುತಿ ಇಳಿಸದೆ ಕೂತ ಕಥೆ. ಹೋದ ವಾರ ಸಾಗರದ ಪೇಟೆಯಲ್ಲಿ ಗುರುತಿಲ್ಲದ ಒಬ್ಬ ಹೆಂಗಸು ತಡೆದು ನಿಲ್ಲಿಸಿ, "ಗುರುಮೂರ್ತಿ ಸಾರ್ ಹೇಳ್ತಿರ್ತಾರಲ್ಲ, ಆ ಹಾರ್ಮೋನಿಯಂ ನಾಗರಾಜ ಅಂದ್ರೆ ನೀವೇನಾ?" ಎಂದು ಕೈ ಮುಗಿದಳು. ಜನ್ಮದಲ್ಲಿ ಮೊದಲ ಬಾರಿಗೆ ಯಾರೋ ನನ್ನನ್ನು ಪೆಟ್ಟಿಗೆಗಾಗಿ ಗುರುತಿಸಿದ್ದರು. ನಾನು ಹೌದು ಎಂದು ತಲೆಯಾಡಿಸಿ ಬೇಗ ಬೇಗ ಮನೆಗೆ ಬಂದೆ.

ಗುರುಮೂರ್ತಿಯ ದನಿಗೆ, ಕೂದಲಿಗೆ, ಅವನ ಕಾಲು ಮುಟ್ಟುವವರಿಗೆ, ನನ್ನ ಹೆಂಡತಿಯ ಹಾಡಿನ ಪುಸ್ತಕಕ್ಕೆ, ಎಲ್ಲಕ್ಕೂ ಹೊಟ್ಟೆಕಿಚ್ಚುಪಟ್ಟದ್ದಾಯಿತು. ಈಗ ಅವೆಲ್ಲ ಹಿಂದಾಗಿವೆ. ಈಗ ನನ್ನ ಹೊಟ್ಟೆ ಉರಿಯುವುದು ಅವನ ಬಾಯಲ್ಲಿರುವ ಆ ನಾಗರಾಜನನ್ನು ನೆನೆದರೆ. ಎಷ್ಟು ಒಳ್ಳೆಯ ಗೆಳೆಯ ಅವನು. ನಾನು ಅವನಾಗಿದ್ದರೆ ಚೆನ್ನಾಗಿತ್ತು.